ಕಾಗದದ ತಂಗಿ

ತಿಮ್ಮಿ ಸಾವ್ಕಾರರ ತಂಗಿಯಾದದ್ದು ಒಂದು ಮಂಗಳವಾರ, ಬಿಸಿಲು ಏರುವ ಹೊತ್ತಿಗೆ. ಆಗ ಅವಳು ಕುಮಟೆಯ ಅಕ್ಕಿ ಮಿಲ್ಲಿನ ಅಂಗಳದಲ್ಲಿ ಬೆಂದ ಭತ್ತವನ್ನು ಕಾಲಿನಿಂದ ಎಳೆದು ಹರವುತ್ತಿದ್ದಳು. ಕೆಳಗೆ ಭತ್ತದ ಬಿಸಿ, ಮೇಲೆ ಬಿಸಿಲಿನ ಬಿಸಿ. ಅಂಗಾಲು ಸುಡದ ಹೆಂಗಸು ಆ ಅಂಗಳದಲ್ಲಿ ಒಬ್ಬಳೂ ಇರಲಿಲ್ಲ.

"ತಿಮ್ಮಕ್ಕಾ" ಎಂದು ಯಾರೋ ಕರೆದರು.

ತಿಮ್ಮಿ ತಲೆ ಎತ್ತಲಿಲ್ಲ. ಅಕ್ಕ ಎನ್ನಿಸಿಕೊಳ್ಳುವ ತಿಮ್ಮಿ ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಕರೆದಾಗ ತಿರುಗಿ ನೋಡಿದಳು. ಮಿಲ್ಲಿನ ಗುಮಾಸ್ತ ವೆಂಕಟ್ರಮಣ ನಿಂತಿದ್ದ. ನಿನ್ನೆಯವರೆಗೆ ಅವನ ಬಾಯಲ್ಲಿ ಅವಳು "ಏ ಸೊಟ್ಟಗೈ" ಆಗಿದ್ದಳು.

"ಒಡೇರು ಕರೀತಾ ಇದ್ರು. ಬಾ. ನಿನ್ನ ಗಂಡ ಬೀರನ್ನೂ ಕರ್ಕಂಡು ಬಾ."

ಪಕ್ಕದಲ್ಲಿ ಭತ್ತ ಎಳೆಯುತ್ತಿದ್ದ ಕಾಳಿ, "ಎಂತ ಕದ್ದೆ ನೀನು?" ಎಂದು ಕೇಳಿದಳು. ಮಿಲ್ಲಿನ ಆಳನ್ನು ಒಡೆಯರು ಕರೆಯುವುದಕ್ಕೆ ಬೇರೆ ಕಾರಣ ಯಾರಿಗೂ ಗೊತ್ತಿರಲಿಲ್ಲ.

ದೇಶದ ಜನ ಸೋಮವಾರ ರಾತ್ರಿ ಊಟ ಬಿಡಬೇಕು ಎಂದು ದಿಲ್ಲಿಯಿಂದ ಹೇಳಿಕಳಿಸಿದ್ದ ವರ್ಷ ಅದು. ತಿಮ್ಮಿಯ ಗುಡಿಸಲಿದ್ದ ಹಾಲಕ್ಕಿಗಳ ಕೊಪ್ಪದಲ್ಲಿ ಮಂಗಳವಾರವೂ ಬುಧವಾರವೂ ಬಿಡುತ್ತಿದ್ದರು. ಯಾರೂ ಹೇಳಿಕಳಿಸಿರಲಿಲ್ಲ.

ತಿಮ್ಮಿಯ ಎಡಗೈ ಸೊಟ್ಟಗಾದದ್ದು ಇದೇ ಮಿಲ್ಲಿನಲ್ಲಿ. ಎಂಜಿನ್ನಿನ ಬೆಲ್ಟಿನ ಕೆಳಗೆ ಬಿದ್ದ ಅಕ್ಕಿಯನ್ನು ಗುಡಿಸುವುದು ಆಗ ಅವಳ ಕೆಲಸ. ಎಂಜಿನ್ ನಿಲ್ಲಿಸಿ ಗುಡಿಸಿದರೆ ಎಣ್ಣೆ ದಂಡ, ಆದ್ದರಿಂದ ತಿರುಗುತ್ತಿರುವಾಗಲೇ ಗುಡಿಸಬೇಕು. ಒಂದು ದಿನ ಬೆಲ್ಟು ಅವಳ ಕೈ ಹಿಡಿಯಿತು. ಮೊಣಕೈಯವರೆಗೆ ಎಳೆದು, ಜಗಿದು, ಉಗುಳಿತು. ಎಂಜಿನ್ ನಿಲ್ಲಿಸಿದರು. ಬೆಲ್ಟಿಗೆ ಹತ್ತಿದ ರಕ್ತ ಒರೆಸಿದರು. ಕೆಂಪಾದ ಅಕ್ಕಿಯನ್ನು ಬೇರೆ ಮಾಡಿದರು. ಆಮೇಲೆ ತಿಮ್ಮಿಯನ್ನು ನೋಡಿದರು.

ಸರ್ಕಾರಿ ದವಾಖಾನೆಯ ಡಾಕ್ಟರು ಕಟ್ಟು ಹಾಕಿ, "ಎಲುಬು ಪುಡಿಯಾಗಿದೆ. ಹುಬ್ಬಳ್ಳಿಗೆ ಹೋಗಿ. ಕೊಯ್ದು ಕೂರಿಸಬೇಕು. ತಡ ಮಾಡಿದರೆ ಹೀಗೇ ಕೂಡಿಕೊಳ್ಳುತ್ತದೆ" ಎಂದಿದ್ದರು. ಬೀರ ಹೋಗಿ ಮಿಲ್ಲಿನ ಒಡೆಯರಾದ ಸಾವ್ಕಾರರ ಮನೆಯ ಹಿತ್ತಿಲಿನಲ್ಲಿ ನಿಂತು ಬೇಡಿದ. ತ್ರ್ಯಂಬಕ ಸಾವ್ಕಾರರು ಅಡಿಕೆ ಅಗಿಯುತ್ತ ಕೇಳಿಸಿಕೊಂಡರು.

"ಬೆಲ್ಟು ಎದ್ದು ಬಂದು ನಿನ್ನ ಹೆಂಡ್ತಿ ಕೈ ಹಿಡೀತಾ? ಇವಳು ಹೋಗಿ ಅದ್ರ ಬಾಯಿಗೆ ಕೊಟ್ಟದ್ದು. ಅರಿಶಿನ ಹಚ್ಚಿ, ಆಗ್ತದೆ."

ಅರಿಶಿನ ಹಚ್ಚಿದರು. ಕೈ ಹಾಗೇ ಕೂಡಿಕೊಂಡಿತು. ಹೆಬ್ಬೆರಳು ಅಂಗೈಯೊಳಗೆ ಮಡಚಿ ಕೂತಿತು, ಉಳಿದ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡವು. ಮತ್ತೆ ಕೆಲಸಕ್ಕೆ ಬಂದಾಗ ವೆಂಕಟ್ರಮಣ ಹೊಸ ಕಾಯಿದೆ ಹೇಳಿದ: ಅರ್ಧ ಕೈಗೆ ಅರ್ಧ ಕೂಲಿ.

ಈಗ ಅದೇ ಹಿತ್ತಿಲಿನಲ್ಲಿ ಗಂಡಹೆಂಡಿರು ನಿಂತರು. ಸಾವ್ಕಾರರು ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಕೂತಿದ್ದರು.

"ಕೈ ತೋರ್ಸು" ಎಂದರು.

ತಿಮ್ಮಿ ತೋರಿಸಿದಳು. ಸಾವ್ಕಾರರು ಆ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಸಂತೆಯಲ್ಲಿ ಹೋರಿ ನೋಡಿದ ಹಾಗೆ ಅತ್ತಿತ್ತ ತಿರುಗಿಸಲು ಹೇಳಿ ನೋಡಿದರು. ಅವರ ಮುಖದಲ್ಲಿ ಸಂತೋಷ ಕಂಡಿತು.

"ಲಾಯ್ಕ ಅದೆ" ಎಂದರು.

ವೆಂಕಟ್ರಮಣ ಬಿಡಿಸಿ ಹೇಳಿದ. "ನೋಡು, ಸರ್ಕಾರ ಒಂದು ಹೊಸ ಕಾನೂನು ಮಾಡದೆ. ಕೈಕಾಲು ಊನ ಆದ ಸಂಬಂಧಿಕರನ್ನ ಮನೇಲಿಟ್ಟು ಸಾಕಿದ್ರೆ, ಅವ್ರಿಗೆ ದೊಡ್ಡ ಆಪರೇಶನ್ನು ಮಾಡ್ಸಿದ್ರೆ, ಆ ದುಡ್ಡಿಗೆ ಇನ್‌ಕಮ್ ಟ್ಯಾಕ್ಸು ಇಲ್ಲ. ಒಡೇರು ನಿಂಗೆ ಬೊಂಬಾಯಿಲಿ ಆಪರೇಶನ್ನು ಮಾಡ್ಸಿದ್ರು."

"ನಂಗಾ?" ಎಂದಳು ತಿಮ್ಮಿ. "ಯಾವಾಗ?"

"ಹೋದ ವರ್ಷ. ಕಾಗದದಾಗೆ. ಬಿಲ್ಲು ಎಲ್ಲ ಅದೆ. ನಿನ್ನ ಹೆಸರು ನಾಗಮ್ಮ. ಒಡೇರ ತಂಗಿ."

ಸಾವ್ಕಾರರಿಗೆ ನಾಗಮ್ಮ ಎಂಬ ತಂಗಿ ಇದ್ದದ್ದು ನಿಜ. ಮಗುವಾಗಿದ್ದಾಗಲೇ ಜ್ವರ ಬಂದು ತೀರಿಹೋಗಿದ್ದಳು. ಟ್ಯಾಕ್ಸಿನ ಸಲುವಾಗಿ ಅವಳನ್ನು ಬೆಳೆಸಿ, ಮದುವೆ ಮಾಡಿ, ವಿಧವೆ ಮಾಡಿ, ತವರಿಗೆ ಕರೆತಂದಿದ್ದರು.

ಬೀರ ಕೇಳಿದ: "ಹಂಗಾರೆ ನಾನು?"

"ನೀನು ಸತ್ತಿದ್ದೆ ಮಾರಾಯಾ" ಎಂದ ವೆಂಕಟ್ರಮಣ. "ಗಂಡ ಇದ್ರೆ ಗಂಡನೇ ಸಾಕಬೇಕಲ್ಲ. ಅದಕ್ಕೆ."

"ಎಂತ ಆಗಿ ಸತ್ತೆ?"

"ಅದೆಲ್ಲ ಬರೀಲಿಲ್ಲ."

ಟ್ಯಾಕ್ಸಿನ ಆಫೀಸರು ತನಿಖೆಗೆ ಬರುವವರಿದ್ದರು. ಮೈಸೂರು ಕಡೆಯವರು, ಈ ಕಡೆಗೆ ಹೊಸಬರು. ತಿಮ್ಮಿ ಒಂದು ಮಧ್ಯಾಹ್ನ ಸಾವ್ಕಾರರ ಜಗಲಿಯಲ್ಲಿ ಕೂತು, ಕೇಳಿದ್ದಕ್ಕೆ ತಲೆಯಾಡಿಸಿದರೆ ಆಯಿತು. ಅವಳಿಗೆ ಒಂದು ಸೀರೆ, ಬೀರನಿಗೆ ಒಂದು ಮುಡಿ ಅಕ್ಕಿ. ಒಲ್ಲೆ ಎಂದರೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಗುಡಿಸಲು ನಿಂತ ನೆಲ ಸಾವ್ಕಾರರದು.

"ಆತು ಒಡೆಯಾ" ಎಂದ ಸತ್ತ ಬೀರ.

ಆಫೀಸರು ಬರುವ ದಿನ ಬೆಳಿಗ್ಗೆ ತಿಮ್ಮಿಯನ್ನು ತಂಗಿ ಮಾಡುವ ಕೆಲಸ ಸಾವ್ಕಾರರ ಹೆಂಡತಿ ಮಾದೇವಮ್ಮನ ಪಾಲಿಗೆ ಬಿತ್ತು. ಅವಳು ಬಾವಿಕಟ್ಟೆಯ ಮೇಲೆ ನಿಂತು, ಮುಟ್ಟದ ಹಾಗೆ, ಮೇಲಿನಿಂದ ನೀರು ಸುರಿದಳು. ಎಮ್ಮೆ ತೊಳೆದ ಹಾಗೆ ತೊಳೆಸಿದಳು. ರವಿಕೆ ಎಸೆದಳು. ತಿಮ್ಮಿ ಹುಟ್ಟಿದಾಗಿನಿಂದ ರವಿಕೆ ಹಾಕಿದವಳಲ್ಲ. ಸೊಟ್ಟಗೈ ತೋಳಿನೊಳಗೆ ಹೋಗಲಿಲ್ಲ. ಮಾದೇವಮ್ಮ ದೂರ ನಿಂತು, "ತುರುಕು, ತುರುಕು" ಎಂದಳು. ತಿಮ್ಮಿ ತುರುಕಿದಳು. ಕಣ್ಣಲ್ಲಿ ನೀರು ಬಂತು.

"ಮಣಿ ತೆಗಿ" ಎಂದಳು ಮಾದೇವಮ್ಮ.

ತಿಮ್ಮಿಯ ಕುತ್ತಿಗೆಯ ತುಂಬ ಮಣಿಸರ. ಎಳವೆಯಿಂದ ಒಂದೊಂದೇ ಕೂಡಿ ಎದೆಯವರೆಗೆ ಇಳಿದಿದ್ದವು. ಅವನ್ನು ತೆಗೆದಳು. ಕರಿಮಣಿ ಒಂದು ಉಳಿಯಿತು.

"ಅದನ್ನೂ."

"ಅಮ್ಮಾ, ಅವ ಅಲ್ಲೇ ಕೊಟ್ಟಿಗೆ ಹಿಂದೆ ಕೂತಿದ್ದ. ಜೀವ ಅದೆ."

"ಇವತ್ತೊಂದು ದಿನ ಇಲ್ಲ. ತೆಗಿ."

ಒಂದೇ ಕೈಯಲ್ಲಿ ಬಿಚ್ಚುವುದು ಕಷ್ಟವಾಯಿತು. ಮಾದೇವಮ್ಮ ಮುಟ್ಟುವ ಹಾಗಿಲ್ಲ. ಕಡೆಗೆ ತಿಮ್ಮಿ ಕೊಟ್ಟಿಗೆಯ ಹಿಂದೆ ಹೋಗಿ ಬೀರನ ಮುಂದೆ ಬೆನ್ನು ಮಾಡಿ ಕೂತಳು. ತಾನು ಕಟ್ಟಿದ ಕರಿಮಣಿಯನ್ನು ತಾನೇ ಬಿಚ್ಚಿದ ಗಂಡ ಹಾಲಕ್ಕಿಗಳಲ್ಲಿ ಅವನಿಗಿಂತ ಮುಂಚೆ ಇದ್ದನೋ ಇಲ್ಲವೋ. ಬೀರ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತ. ತಿಮ್ಮಿ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಬೇರೆ ಯಾರದೋ ಕುತ್ತಿಗೆಯ ಹಾಗಿತ್ತು.

ಆಮೇಲೆ ವೆಂಕಟ್ರಮಣ ಅಭ್ಯಾಸ ಮಾಡಿಸಿದ. "ಅಣ್ಣ ಹೇಳು."

"ಒಡೆಯಾ."

"ಒಡೆಯ ಅಲ್ಲ. ಅಣ್ಣ."

"ಅ..." ಎಂದಳು. ನಾಲಿಗೆ ಮುಂದೆ ಹೋಗಲಿಲ್ಲ. ಸಾವ್ಕಾರರು ಮುಖ ತಿರುಗಿಸಿಕೊಂಡು, "ಸುಮ್ನಿರ್ಲಿ, ಬಾಯಿ ಬರೂದಿಲ್ಲ ಹೇಳ್ವ" ಎಂದರು. ಒಂದು ಊನಕ್ಕೆ ಎರಡು ಊನ ಆದರೆ ಟ್ಯಾಕ್ಸು ಇನ್ನೂ ಕಡಿಮೆಯಾದೀತೇ ಎಂದು ವೆಂಕಟ್ರಮಣ ಮೆಲ್ಲಗೆ ಕೇಳಿದ. ಆಗುವುದಿಲ್ಲ ಎಂದು ತಿಳಿದ ಮೇಲೆ ಬಾಯಿ ಉಳಿಸಿದರು.

ಆಫೀಸರು ಜೀಪಿನಲ್ಲಿ ಬಂದರು. ಕನ್ನಡಕದ ಎಳೆಯ ಮನುಷ್ಯ. ಜಗಲಿಯ ಮೇಲೆ ಚಾಪೆ ಹಾಸಿ ತಿಮ್ಮಿಯನ್ನು ಕೂರಿಸಿದ್ದರು. ಆ ಜಗಲಿಯನ್ನು ಅವಳು ವರ್ಷಗಟ್ಟಲೆ ಸಗಣಿ ಹಾಕಿ ಸಾರಿಸಿದ್ದಳು. ಕೂತದ್ದು ಇದೇ ಮೊದಲು.

"ನಮಸ್ಕಾರ ಅಮ್ಮ. ನಿಮ್ಮ ಕೈ ಹೇಗಿದೆ?" ಎಂದರು ಆಫೀಸರು.

ತಿಮ್ಮಿ ಹಿಂದೆ ತಿರುಗಿ ನೋಡಿದಳು. ನಿಮ್ಮ ಎನ್ನಿಸಿಕೊಳ್ಳುವವರು ಹಿಂದೆ ಯಾರೂ ಇರಲಿಲ್ಲ.

ಆಫೀಸರು ಕೈಯನ್ನು ಬಗ್ಗಿ ನೋಡಿದರು. "ಆಪರೇಶನ್ನಿನ ಹೊಲಿಗೆ ಗುರುತು ಕಾಣುತ್ತಿಲ್ಲವಲ್ಲ?"

"ಬೊಂಬಾಯಿ ಡಾಕ್ಟ್ರು ಸಾಹೇಬ್ರೇ" ಎಂದರು ಸಾವ್ಕಾರರು. "ಗುರುತು ಉಳ್ಸೂದಿಲ್ಲ."

"ಕೈ ಇನ್ನೂ ಸೊಟ್ಟಗಿದೆ?"

"ಮೊದ್ಲು ನೋಡ್ಬೇಕಿತ್ತು ನೀವು. ಈಗ ಎಷ್ಟೋ ಅಡ್ಡಿಲ್ಲ."

ಆಫೀಸರು ಬರೆದುಕೊಂಡರು. ಕೈ ಅವರ ವಿಷಯವಲ್ಲ ಎಂದು ತಿಮ್ಮಿಗೆ ಆಗ ಗೊತ್ತಾಯಿತು. ಅವರಿಗೆ ಬೇಕಾದದ್ದು ಅವಳನ್ನು ಸಾಕುವವರು ಯಾರು ಎಂಬುದು. "ಈಕೆ ಊಟ ಮಾಡುವುದು ಎಲ್ಲಿ?"

"ನಮ್ಮಲ್ಲೇ. ಒಳಗೇ."

"ಹಾಗಾದರೆ ಊಟ ನೋಡಿಬಿಡೋಣ. ಕಣ್ಣಾರೆ ಕಂಡದ್ದನ್ನು ಬರೆಯಬೇಕು ಅಂತ ನಿಯಮ."

ಸಾವ್ಕಾರರ ಮುಖ ಬಿಳಿಚಿತು. ಒಳಗೆ ಮಾದೇವಮ್ಮನ ಕೈಯಿಂದ ಪಾತ್ರೆ ಬಿತ್ತು. ಆದರೆ ಟ್ಯಾಕ್ಸು ಟ್ಯಾಕ್ಸೇ. ನಡುಮನೆಯಲ್ಲಿ ಎಲೆ ಹಾಕಿದರು. ಆಫೀಸರು, ಅವರ ಪಕ್ಕ ಸಾವ್ಕಾರರು, ಎದುರಿಗೆ ತಿಮ್ಮಿ. ಮಾದೇವಮ್ಮ ಮಾರುದೂರದಿಂದ ಅನ್ನ ಬಿಡುತ್ತಿದ್ದಳು. ಅರ್ಧ ಎಲೆಯ ಮೇಲೆ, ಅರ್ಧ ತಿಮ್ಮಿಯ ಮಡಿಲಿಗೆ. ಸಾವ್ಕಾರರ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ತಿಮ್ಮಿಯದು ಇಳಿಯಿತು. ಆ ಅನ್ನದ ಭತ್ತವನ್ನು ಬೇಯಿಸಿದವಳು ಅವಳು, ಒಣಗಿಸಿದವಳು ಅವಳು, ಗೇರಿದವಳು ಅವಳು. ಅದು ಅನ್ನವಾದಾಗ ಇಷ್ಟು ಮೆತ್ತಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಹಾಕಿಸಿಕೊಂಡಳು. ಮತ್ತೊಮ್ಮೆ ಎಲೆ ಮುಂದೆ ಮಾಡಿದಳು.

"ಚೆನ್ನಾಗಿ ಸಾಕಿದ್ದೀರಿ" ಎಂದರು ಆಫೀಸರು.

ಹಿಂದಿನ ಕೊಟ್ಟಿಗೆಯಲ್ಲಿ ಬೀರ ಕೆಮ್ಮಿದ.

"ಅದು ಯಾರು?"

"ಎಮ್ಮೆ" ಎಂದ ವೆಂಕಟ್ರಮಣ.

ಊಟವಾದ ಮೇಲೆ ಆಫೀಸರು ಜಗಲಿಯಲ್ಲಿ ಹೇಳಿಕೆ ಓದಿದರು. ವಿಧವೆಯಾದ ನಾಗಮ್ಮ ಎಂಬ ನಾನು, ನನ್ನ ಅಣ್ಣನ ಆಶ್ರಯದಲ್ಲಿದ್ದು, ನನ್ನ ಕೈಯ ಚಿಕಿತ್ಸೆಯ ಸಮಸ್ತ ವೆಚ್ಚವನ್ನು ಅವರೇ ಭರಿಸಿದ್ದು... ತಿಮ್ಮಿ ಕೇಳುತ್ತಿದ್ದಳು. ಸಮಸ್ತ ಎಂದರೆ ಅರಿಶಿನವೇ ಇರಬೇಕು ಎಂದುಕೊಂಡಳು.

"ಇಲ್ಲಿ ಹೆಬ್ಬೆಟ್ಟು ಒತ್ತಿ. ಎಡಗೈಯದು."

ತಿಮ್ಮಿ ಬಲಗೈ ಚಾಚಿದಳು.

"ಹೆಬ್ಬೆಟ್ಟು ಎಡಗೈಯದೇ ಆಗಬೇಕು" ಎಂದರು ಆಫೀಸರು. "ನಿಯಮ."

ಎಡಗೈಯ ಹೆಬ್ಬೆರಳು ಅಂಗೈಯೊಳಗೆ ಕೂತಿತ್ತು. ವೆಂಕಟ್ರಮಣ ಹತ್ತಿರ ಬಂದ. ಯಾವತ್ತೂ ಮುಟ್ಟದವನು ಅವಳ ಕೈ ಹಿಡಿದ. ಮುಚ್ಚಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಒಳಗಿನ ಹೆಬ್ಬೆರಳನ್ನು ಹೊರಗೆ ಎಳೆದ. ಎಲುಬಿನೊಳಗೆ ಏನೋ ಹರಿಯಿತು. ಬೆಲ್ಟು ಮತ್ತೊಮ್ಮೆ ಕೈ ಹಿಡಿದ ಹಾಗಾಯಿತು. ಸಾವ್ಕಾರರು, "ಜೋರಾಗಿ ಎಳಿ, ಬರ್ತದೆ" ಎಂದರು.

"ಬಿಡಾ!" ಎಂದು ತಿಮ್ಮಿ ಕೂಗಿದಳು. ಬಲಗೈಯಿಂದ ವೆಂಕಟ್ರಮಣನನ್ನು ನೂಕಿದಳು. ಮಸಿಯ ಡಬ್ಬಿ ಹಾರಿ ಸಾವ್ಕಾರರ ಬಿಳಿ ಪಂಚೆಯ ಮೇಲೆ ಬಿತ್ತು. "ಬಿಡು ನನ್ನ ಕೈ! ಒತ್ತೂದಿಲ್ಲ ನಾನು. ಬೀರಾ! ಬಾ ಇಲ್ಲಿ! ಸತ್ತದ್ದು ಸಾಕು, ಎದ್ದು ಬಾ!"

ಬೀರ ಬಂದ. ಹಿತ್ತಿಲಿನಿಂದ ಸುತ್ತಿ ಬರಲಿಲ್ಲ, ಮನೆಯೊಳಗಿನಿಂದಲೇ ನಡುಮನೆ ಹಾದು ಬಂದ. ಮುಷ್ಟಿಯಲ್ಲಿ ಕರಿಮಣಿ ಇತ್ತು.

"ಯಾರು ಇವನು?"

"ನನ್ನ ಗಂಡ" ಎಂದಳು ತಿಮ್ಮಿ.

ಆಫೀಸರು ಕಾಗದ ತಿರುವಿದರು. "ಗಂಡ ಮೃತನಾಗಿದ್ದಾನೆ ಅಂತಿದೆಯಲ್ಲ?" ಬೀರನ ಕಡೆ ನೋಡಿದರು. "ನೀನು ಸತ್ತದ್ದಕ್ಕೆ ಕಾಗದ ಇದೆ. ಬದುಕಿರುವುದಕ್ಕೆ ಏನಿದೆ?"

ಬೀರ ತನ್ನ ಮೈ ನೋಡಿಕೊಂಡ. ಬೇರೆ ಪುರಾವೆ ಕಾಣಲಿಲ್ಲ. "ಹಸಿವೆ ಅದೆ" ಎಂದ.

ತಿಮ್ಮಿ ಎಲ್ಲ ಹೇಳಿದಳು. ಬೆಲ್ಟು, ರಕ್ತ, ಅರಿಶಿನ, ಅರ್ಧ ಕೂಲಿ. ಬೊಂಬಾಯಿ ಯಾವ ದಿಕ್ಕಿಗಿದೆ ಎಂದು ತನಗೆ ಗೊತ್ತಿಲ್ಲ ಎಂದಳು. ತಾನು ನಾಗಮ್ಮ ಅಲ್ಲ, ಹಾಲಕ್ಕಿ ಬೀರನ ಹೆಂಡತಿ ತಿಮ್ಮಿ ಎಂದಳು. ಆಫೀಸರು ಪೂರ್ತಿ ಕೇಳಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಗಟ್ಟಿಯಾಗಿ ಓದುತ್ತ ಬರೆದರು: "ತಂಗಿಯ ಗಂಡ ಜೀವಂತ ಇರುವುದು ತನಿಖೆಯಲ್ಲಿ ಕಂಡುಬಂದಿರುವುದರಿಂದ, ಆಕೆ ಅಣ್ಣನ ಅವಲಂಬಿತಳಲ್ಲ. ವಿನಾಯಿತಿ ಇಲ್ಲ."

"ನಾ ತಂಗಿಯೇ ಅಲ್ಲ ಹೇಳ್ತಿದ್ದೆ!"

"ಅದು ನನ್ನ ಮುಂದಿರುವ ಪ್ರಶ್ನೆಯಲ್ಲಮ್ಮ. ತಂಗಿ ಅಂತ ಇವರೇ ಸಹಿ ಮಾಡಿ ಕೊಟ್ಟಿದ್ದಾರೆ. ನಾನು ಒಪ್ಪಿದ್ದೇನೆ." ಅವರು ಜೀಪು ಹತ್ತಿ ಹೋದರು.

ಅದೇ ಸಂಜೆ ಸಾವ್ಕಾರರ ಆಳುಗಳು ಕೊಪ್ಪಕ್ಕೆ ಬಂದು ತಿಮ್ಮಿಯ ಗುಡಿಸಲಿನ ಸೋಗೆ ಎಳೆದು ಹಾಕಿದರು. ಮಣ್ಣಿನ ಗಡಿಗೆ ಒಡೆದರು. ನೆಟ್ಟಿದ್ದ ಹರಿವೆ ಮಡಿ ತುಳಿದರು. ಬೀರ ಬಯಲಲ್ಲಿ ಕೂತು, "ಸತ್ತೇ ಇದ್ದಿದ್ರೆ ಸೂರಾದ್ರೂ ಇತ್ತು" ಎಂದ. ತಿಮ್ಮಿ ಆಫೀಸರು ಕಡೆಗೆ ಹೇಳಿದ ಮಾತನ್ನೇ ಯೋಚನೆ ಮಾಡುತ್ತಿದ್ದಳು.

ಬೆಳಗಾದ ಮೇಲೆ ಅವಳು ಚಾಪೆ ಸುತ್ತಿ ತಲೆ ಮೇಲೆ ಇಟ್ಟುಕೊಂಡಳು. ಕರಿಮಣಿ ಕಟ್ಟಿಕೊಂಡು, ಮಣಿಸರ ಎಲ್ಲ ಹಾಕಿಕೊಂಡು, ಪೇಟೆಯ ನಡುವೆ ನಡೆದು ಬಂದು, ಸಾವ್ಕಾರರ ಮುಂದಿನ ಜಗಲಿ ಹತ್ತಿ ಚಾಪೆ ಬಿಡಿಸಿದಳು. ಬೀರ ಮೆಟ್ಟಿಲ ಮೇಲೆ ಕೂತ.

"ಇಳಿ ಕೆಳಗೆ!" ಎಂದು ಸಾವ್ಕಾರರು ಕಿರುಚಿದರು.

"ಎಲ್ಲಿಗೆ ಇಳೀಲಿ ಅಣ್ಣಾ?" ಎಂದಳು ತಿಮ್ಮಿ. ಈ ಸಲ ನಾಲಿಗೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ ಹೇಳಿದಳು. "ಮನೆ ಬಿತ್ತು. ತವರಿಗೆ ಬಂದೆ. ಅತ್ಗೇ, ಗಂಜಿ ಅದ್ಯಾ?"

ಬೀದಿಯಲ್ಲಿ ಜನ ನಿಂತರು. ಒಬ್ಬ ನಕ್ಕ. ಸಾವ್ಕಾರರು ಪೊಲೀಸಿಗೆ ಹೇಳಿಕಳಿಸಿದರು. ಫೌಜದಾರ ಬಂದ. ಅವನಿಗೆ ಆ ವರ್ಷ ಸಾವ್ಕಾರರಿಂದ ಹಬ್ಬದ ಅಕ್ಕಿ ಬಂದಿರಲಿಲ್ಲ.

"ಇವ್ಳು ನಿಮ್ಮ ತಂಗಿ ಹೌದಾ ಅಲ್ದಾ?" ಎಂದು ಕೇಳಿದ.

ಸಾವ್ಕಾರರು ಬೀದಿಯ ಜನರ ಕಡೆ ನೋಡಿದರು.

"ಅಲ್ಲ ಹೇಳಿ ಬರ್ದು ಕೊಡಿ. ಎಳ್ದು ಹಾಕ್ತೆ. ಆದ್ರೆ ಹೌದು ಹೇಳಿ ಟ್ಯಾಕ್ಸಿನವ್ರಿಗೆ ಬರ್ದು ಕೊಟ್ಟದ್ದು ಊರಿಗೇ ಗೊತ್ತು. ಸುಳ್ಳು ಬರ್ದು ಕೊಟ್ಟದ್ದಕ್ಕೆ ಬೇರೆ ಕೇಸು. ಹೌದು ಹೇಳಿದ್ರೆ ಮನೆ ಒಳಗಿನ ಜಗಳ, ಪೊಲೀಸು ಬರೂದಿಲ್ಲ. ಯಾವುದು ಬರ್ಕಳ್ಲಿ?"

ಸಾವ್ಕಾರರು ಯಾವುದೂ ಬೇಡ ಎಂದು ಫೌಜದಾರನನ್ನು ಕಳಿಸಿದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಮಿಲ್ಲಿನ ಹೆಂಗಸರು ಕಂಡರು. ಕೆಲಸದ ಹೊತ್ತು. ಭತ್ತ ಹಂಡೆಯಲ್ಲೇ ಬಿಟ್ಟು ಬಂದಿದ್ದರು. ಮುಂದೆ ಕಾಳಿ, ಬಿಸಿನೀರು ಬಿದ್ದು ಚರ್ಮ ಸುಲಿದ ಕಾಲು ಎಳೆಯುತ್ತ. ಅವಳ ಹಿಂದೆ ಗಂಗೆ, ಹೊಟ್ಟು ಸಿಡಿದು ಒಂದು ಕಣ್ಣು ಹೋದವಳು. ಅವರ ಹಿಂದೆ ತೌಡಿನ ಧೂಳು ಕುಡಿದು ಕೆಮ್ಮುವವರು. ಸಾಲಾಗಿ ಬಂದು ಜಗಲಿ ಹತ್ತಿದರು.

"ಅಣ್ಣಾ" ಎಂದಳು ಕಾಳಿ. "ನನ್ನ ಕಾಲೂ ಬೊಂಬಾಯಿಗೆ ಹೋಗಿತ್ತಾ?"

"ಅಣ್ಣಾ, ನನ್ನ ಕಣ್ಣು?" ಎಂದಳು ಗಂಗೆ.

ಬೀದಿ ನಗಲಿಲ್ಲ ಈಗ. ಮಧ್ಯಾಹ್ನದ ಹೊತ್ತಿಗೆ ಹಂಡೆಯ ಭತ್ತ ಹುಳಿತ ವಾಸನೆ ಪೇಟೆಯವರೆಗೆ ಬಂತು. ಹೆಂಗಸರು ಏಳಲಿಲ್ಲ. ಮಾದೇವಮ್ಮ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಸಾವ್ಕಾರರು ಸಂಜೆಯವರೆಗೆ ಬೈದರು, ಹೆದರಿಸಿದರು, ಕಡೆಗೆ ಜಗಲಿಯ ಅಂಚಿಗೆ ಬಂದು ಕೂತರು.

"ಎಂತ ಬೇಕು ನಿಂಗೆ?"

ತಿಮ್ಮಿ ಹೇಳಿದಳು. ಸೋಗೆ ಹೊದಿಸಬೇಕು. ಇಡೀ ಕೂಲಿ ಬೇಕು. ಎಂಜಿನ್ ನಿಲ್ಲಿಸಿಯೇ ಗುಡಿಸುವುದು. ಬೆಲ್ಟಿನ ಸುತ್ತ ಹಲಗೆ ಹೊಡೆಸಬೇಕು. ಗಂಗೆಯ ಇನ್ನೊಂದು ಕಣ್ಣನ್ನು ಡಾಕ್ಟರಿಗೆ ತೋರಿಸಬೇಕು, ಕಾಳಿಯ ಕಾಲನ್ನೂ. "ನನ್ನ ಕೈ ಹುಬ್ಬಳ್ಳಿಗೆ. ಕಾಗದದಾಗೆ ಅಲ್ಲ. ಬಸ್ಸಿನಾಗೆ."

ಎಲ್ಲವೂ ಆಗಲಿಲ್ಲ. ಕಾಳಿಯ ಕಾಲಿಗೆ ಮುಲಾಮು ಸಿಕ್ಕಿತು, ಗಂಗೆಯ ಕಣ್ಣಿಗೆ ನಾಳೆ ನಾಡಿದ್ದು ಎಂಬ ಮಾತು ಸಿಕ್ಕಿತು. ಇಡೀ ಕೂಲಿಗೆ ಇನ್ನೊಂದು ಸಲ ಹಂಡೆ ಹುಳಿಯಬೇಕಾಯಿತು. ಆದರೆ ಬೆಲ್ಟಿಗೆ ಹಲಗೆ ಬಂತು. ಮಳೆ ಶುರುವಾಗುವ ಮುಂಚೆ ತಿಮ್ಮಿ, ಬೀರ, ವೆಂಕಟ್ರಮಣ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೂತರು. ತಿಮ್ಮಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು.

ಹುಬ್ಬಳ್ಳಿಯ ಡಾಕ್ಟರು ಕೈ ನೋಡಿ ತಲೆ ಅಲ್ಲಾಡಿಸಿದರು. ತಡವಾಗಿದೆ, ಪೂರ್ತಿ ಆಗುವುದಿಲ್ಲ, ಹೆಬ್ಬೆರಳು ಬಿಡಿಸಿ ಕೊಡಬಹುದು, ಚಮಚ ಹಿಡಿಯುವಷ್ಟು ಎಂದರು. "ಅಷ್ಟು ಆಗ್ಲಿ" ಎಂದಳು ತಿಮ್ಮಿ.

ಭರ್ತಿ ಮಾಡಿಕೊಳ್ಳುವ ಕಾರಕೂನ ಹೆಸರು ಕೇಳಿದ. ಊರು ಕೇಳಿದ. ಜೊತೆಗೆ ಬಂದವರಿಗೂ ಇವಳಿಗೂ ಏನು ಸಂಬಂಧ, ಖರ್ಚು ಯಾರದು ಎಂದು ಕೇಳಿದ. ವೆಂಕಟ್ರಮಣ ಮುಂದೆ ಬಂದು, "ನಮ್ಮ ಸಾವ್ಕಾರ್ರ ತಂಗಿ ಹೇಳಿ ಬರ್ಕಳಿ. ನಾಗಮ್ಮ" ಎಂದ.

"ಬರೀಬೇಡ" ಎಂದಳು ತಿಮ್ಮಿ.

ಕಾರಕೂನ ಪೆನ್ನು ಎತ್ತಿದ.

"ತಿಮ್ಮಿ ಹೇಳಿ ಬರಿ. ಮಿಲ್ಲಿನ ಆಳು. ಕೈ ಮಿಲ್ಲಿನಾಗೆ ಹೋಯ್ತು, ಮಿಲ್ಲಿನ ಒಡೆಯ ಖರ್ಚು ಕೊಡ್ತ. ಹಂಗೆ ಬರಿ."

ವೆಂಕಟ್ರಮಣ ಅವಳ ಹತ್ತಿರ ಬಗ್ಗಿದ. ಊರು ಬಿಟ್ಟ ಮೇಲೆ ಅವನ ದನಿ ಮೆತ್ತಗಾಗಿತ್ತು. "ತಿಮ್ಮಕ್ಕಾ, ಹಂಗೆ ಬರ್ದ್ರೆ ಒಡೇರಿಗೆ ಒಂದು ಪೈಸೆ ಟ್ಯಾಕ್ಸೂ ಕಮ್ಮಿ ಆಗೂದಿಲ್ಲ."

"ಆಗೂದು ಬೇಡ" ಎಂದಳು ತಿಮ್ಮಿ. ಕಾರಕೂನ ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿದಳು. ಇನ್ನೊಂದು ಸಲ ಓದು ಎಂದಳು. ಆಮೇಲೆ ಬಲಗೈಯ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ, ಕಾಗದ ಹರಿಯುವ ಹಾಗೆ ಒತ್ತಿದಳು.